ಗಸ್ಸಿಯ ಬಳೆ, ಶೆಲ್ಬಿಯ ಬಣ್ಣ

ಟೀಲ್ ಕ್ರೀಕ್ ಊರಿನಲ್ಲಿ ಗಸ್ಸಿ ನಾರ್ಡಾಲ್ ಎಂದರೆ ಗುಂಡು, ಗುಂಡು ಎಂದರೆ ಗಸ್ಸಿ. ಆಕೆ ಬಂದೂಕು ಹಿಡಿದು ಗುರಿಯಿಟ್ಟದ್ದನ್ನು ಕಂಡವರು ಕಡಿಮೆ. ಆಕೆಯ ಕೆಲಸ ಅದಕ್ಕೂ ಹಿಂದಿನದು. ಗ್ಯಾರೇಜಿನವರು ಎಸೆದ, ಕಾರಿನ ಚಕ್ರಕ್ಕೆ ಸಿಕ್ಕಿಸುವ ಸೀಸದ ತೂಕಗಳನ್ನು ತಂದು, ಕರಗಿಸಿ, ಅಚ್ಚಿಗೆ ಹೊಯ್ದು, ತಣಿದ ಗುಂಡನ್ನು ಒಂದು ಉಕ್ಕಿನ ಬಳೆಯ ಮೂಲಕ ಒತ್ತಿ ಎಲ್ಲವನ್ನೂ ಒಂದೇ ಅಳತೆಗೆ ತಂದು, ಗುಂಡಿನ ಸೊಂಟದ ಸುತ್ತಲ ಗೀರುಗಳಲ್ಲಿ ಜಿಡ್ಡು ತುಂಬಿ ಕೊಡುವುದು. ಜಿಡ್ಡಿಲ್ಲದ ಸೀಸ ನಳಿಗೆಯೊಳಗೆ ಉಜ್ಜಿಕೊಂಡು ಹೋಗುವಾಗ ತನ್ನ ಮೈಯನ್ನೇ ಅಲ್ಲಿ ಅಂಟಿಸಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ನಳಿಗೆ ಹುಳುಕು ಹಲ್ಲಿನಂತಾಗುತ್ತದೆ. ಗಸ್ಸಿಯ ಗುಂಡು ಹಾದ ನಳಿಗೆಯಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಊರಿನ ಗಂಡಸರು ಹೇಳುತ್ತಿದ್ದರು. ಹೇಳದಿದ್ದವರ ಬಾಯಿಂದ ಗಸ್ಸಿಯೇ ಹೇಳಿಸುತ್ತಿದ್ದಳು.

ಜಿಡ್ಡು ಆಕೆಯದೇ. ತನ್ನ ಗೂಡುಗಳ ಜೇನುಮೇಣ, ಕುರಿಯ ಕೊಬ್ಬು, ಸ್ವಲ್ಪ ಎಣ್ಣೆ. ಅದು ಕಾಯುವಾಗ ಹಿಂಬದಿಯ ಗಾಜಿನ ಪಡಸಾಲೆಯಿಂದ ಬರುವ ವಾಸನೆಯಿಂದಲೇ ಬೀದಿಯವರಿಗೆ ಬೇಸಿಗೆ ಬಂತೆಂದು ತಿಳಿಯುತ್ತಿತ್ತು.

ಆಗಸ್ಟಿನ ಕೊನೆಯ ಶನಿವಾರ ಹೊಳೆಯಾಚೆಯ ರೂಕ್ಸ್‌ಬರಿಯವರ ಜೊತೆ ಪಂದ್ಯ. ಗುರಿಗೆ ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಕೋಳಿ, ಹಂದಿ, ಟರ್ಕಿ, ಎಲ್ಲಕ್ಕಿಂತ ದೂರದಲ್ಲಿ ಟಗರು. ಬರೀ ತಾಗಿದರೆ ಲೆಕ್ಕಕ್ಕಿಲ್ಲ, ಪಟ್ಟಿಯ ಮೇಲಿಂದ ಉರುಳಿ ಬೀಳಬೇಕು. ಊರಿಗೆ ನಾಲ್ಕು ಜನ ಗುರಿಕಾರರು. ಆ ನಾಲ್ವರ ಗುಂಡೂ ಒಂದೇ ಮನೆಯಲ್ಲಿ ಆಗಿರಬೇಕು ಎನ್ನುವುದು ಎರಡೂ ಊರಿನವರು ಅಜ್ಜಂದಿರ ಕಾಲದಿಂದ ಪಾಲಿಸಿಕೊಂಡು ಬಂದ ಕಟ್ಟಳೆ. ಮೊದಲ ಹೊಡೆತಕ್ಕೆ ಮುಂಚೆ ಧ್ವನಿವರ್ಧಕ ಹಿಡಿದವನು ಊರಿನ ಹೆಸರು ಕೂಗುತ್ತಾನೆ, ಗುರಿಕಾರರ ಹೆಸರು ಕೂಗುತ್ತಾನೆ, ಕೊನೆಗೆ ತುಸು ತಡೆದು ಗುಂಡು ಮಾಡಿದವರ ಹೆಸರು ಕೂಗುತ್ತಾನೆ. ಆ ಹೆಸರಿನವರು ಕುರ್ಚಿಯಿಂದೇಳಬೇಕು. ಗಂಡ ಬದುಕಿದ್ದಾಗಿನಿಂದಲೂ ಟೀಲ್ ಕ್ರೀಕ್ ಪರವಾಗಿ ಏಳುತ್ತಿದ್ದವಳು ಗಸ್ಸಿ. ಎದ್ದು, ಹುಲ್ಲಿನ ಟೋಪಿಯನ್ನು ಒಂದಿಷ್ಟು ಮೇಲೆತ್ತಿ, ಯಾರ ಮುಖವನ್ನೂ ನೋಡದೆ ಕೂರುತ್ತಿದ್ದಳು. ಆ ಒಂದು ಗಳಿಗೆಗಾಗಿ ಆಕೆ ಚಳಿಗಾಲವಿಡೀ ಸೀಸದ ಮುಂದೆ ನಿಲ್ಲುತ್ತಾಳೆ ಎಂದು ಯಾರಾದರೂ ಅಂದಿದ್ದರೆ ಮೂಗು ಮುರಿಯುತ್ತಿದ್ದಳು. ಆದರೆ ಅದು ನಿಜವಾಗಿತ್ತು.

ಹೋದ ವರ್ಷ ಸೋತರು. ಗುರಿಕಾರರ ಮುಖಂಡ ಆರ್ವಲ್ ಟ್ವೀಟ್ ತೋಟಾಗಳ ಡಬ್ಬಿಯನ್ನು ಟ್ರಕ್ಕಿನ ಮುಂಗಾಜಿನ ಕೆಳಗೆ ಬಿಸಿಲಿಗಿಟ್ಟು, ತಾನು ನೆರಳಿನಲ್ಲಿ ಕೂತು ಪೀಚ್ ಕಡುಬು ತಿಂದ. ಜಿಡ್ಡು ಕರಗಿ ಒಳಗಿನ ಮದ್ದಿಗೆ ಇಳಿಯಿತು. ಅವನ ಕೊನೆಯ ಗುಂಡು ತಾಗಿದರೂ ಟಗರು ತಲೆಯಲ್ಲಾಡಿಸಿ ಅಲ್ಲೇ ನಿಂತಿತು. ರೂಕ್ಸ್‌ಬರಿಯವರು ಕುರಿಯಂತೆ ಕೂಗಿ ನಕ್ಕರು. ತಪ್ಪು ಯಾರದೆಂದು ಗಸ್ಸಿ ಊರಿಗೆಲ್ಲ ಹೇಳಿದಳು. ಊರು ತಲೆಯಾಡಿಸಿತು. ಆದರೂ ಈ ಸಲ ಆರ್ವಲ್ ಟೋಪಿ ಕೈಯಲ್ಲಿ ಹಿಡಿದು ಪಡಸಾಲೆಯ ಬಾಗಿಲಿಗೆ ಬಂದ. ಸೊಸೆ ಶೆಲ್ಬಿಯ ಬಣ್ಣದ ಗುಂಡನ್ನು ಬಿಸಿಲಿನಲ್ಲಿಟ್ಟರೂ ಏನೂ ಆಗುವುದಿಲ್ಲವಂತೆ, ಅಂಗಡಿಯಲ್ಲಿ ಯಾರೋ ಹೇಳಿದರು ಎಂದು ನೆಲ ನೋಡಿಕೊಂಡು ಶುರುಮಾಡಿದ.

“ಕೋಪ ಮಾಡ್ಕೋಬೇಡ ಗಸ್ಸಿ. ಗುರುವಾರ ಎರಡನ್ನೂ ಹೊಡೆದು ನೋಡ್ತೀನಿ. ಯಾವುದು ಹಲಗೆ ಮೇಲೆ ಒತ್ತಾಗಿ ಕೂರತ್ತೋ ಅದು ಶನಿವಾರಕ್ಕೆ.”

“ತೋಟಾನ ಮೊಟ್ಟೆ ಥರ ಬೇಯಿಸಿದ್ದು ನೀನು. ಈಗ ಕೋಳಿ ಬದಲಾಯಿಸೋಕೆ ಬಂದಿದೀಯ.”

ಅಂದಳೇ ಹೊರತು ಬೇಡವೆನ್ನಲಿಲ್ಲ. ಬೇಡವೆಂದರೆ ಹೆದರಿದಳು ಎಂದಾಗುತ್ತಿತ್ತು.

ಶೆಲ್ಬಿ ಆಕೆಯ ಮಗ ವೇಡ್‌ನ ಹೆಂಡತಿ. ಎರಡು ಚಳಿಗಾಲದ ಹಿಂದೆ ನೆವಾಡಾದಿಂದ ಬಂದವಳು. ವೇಡ್ ಸುಗ್ಗಿ ಯಂತ್ರದವರ ಜೊತೆ ಡಕೋಟಾದ ಗೋಧಿ ಹೊಲಗಳಿಗೆ ಹೋಗಿದ್ದ; ಮನೆಯಲ್ಲಿ ಇವರಿಬ್ಬರೇ. ಹುಡುಗಿ ಮಾತಿನಲ್ಲಿ ಜಿಪುಣಿ. ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಕೇಳದೆ, ಗಸ್ಸಿ ತಾನಾಗಿ ಸರಿಸುವವರೆಗೆ ಚಪ್ಪೆಯನ್ನೇ ತಿನ್ನುವ ಜಾತಿ. ಗಸ್ಸಿಗೆ ಇದು ಮೊದಲು ಗರ್ವವೆಂದು ಕಂಡಿತ್ತು, ಆಮೇಲೆ ಮಂಕುತನವೆಂದು.

ಅವಳ ಗುಂಡಿಗೆ ಜಿಡ್ಡೇ ಇಲ್ಲ. ಗಸ್ಸಿ ಹೊಯ್ದ ಗುಂಡುಗಳನ್ನೇ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬಟಾಣಿಯಷ್ಟು ಪ್ಲಾಸ್ಟಿಕ್ ಮಣಿಗಳನ್ನೂ ಹಸಿರು ಬಣ್ಣದ ಪುಡಿಯನ್ನೂ ಸೇರಿಸಿ ಗಲಗಲ ಅಲುಗಿಸುತ್ತಾಳೆ. ಬಾಚಿದ ಬಾಚಣಿಗೆಗೆ ಕೂದಲು ಎದ್ದು ಬರುತ್ತದಲ್ಲ, ಹಾಗೆ ಪುಡಿ ಗುಂಡಿನ ಮೈಗೆ ಅಂಟಿಕೊಳ್ಳುತ್ತದೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಅವನ್ನು ಚಿಮುಟದಿಂದ ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ನಿಲ್ಲಿಸಿ, ಯಾರದೋ ಮನೆ ಖಾಲಿ ಮಾಡುವಾಗ ಕೊಂಡ ಪುಟ್ಟ ಓವನ್ನಿನಲ್ಲಿ ಬೇಯಿಸುತ್ತಾಳೆ. ಆ ಓವನ್ನಿನ ಬಾಗಿಲ ಮೇಲೆ ‘ತಿನ್ನುವುದಕ್ಕಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು. ಸೀಸ ಅಡುಗೆಮನೆಯ ಹೊಸ್ತಿಲು ದಾಟಬಾರದೆನ್ನುವುದು ಗಸ್ಸಿಯ ಕಾಯಿದೆ. ಅದನ್ನು ಹೇಳಿಸಿಕೊಳ್ಳದೆ ಪಾಲಿಸಿದ್ದಕ್ಕೆ ಶೆಲ್ಬಿಯ ಬಗ್ಗೆ ಆಕೆಗೆ ಒಂದು ಚೂರು ಒಳ್ಳೆಯ ಅಭಿಪ್ರಾಯವಿತ್ತು. ಬಣ್ಣದ ಬಗ್ಗೆ ಇರಲಿಲ್ಲ.

“ಇದೇನು ಗುಂಡಾ, ಪೆಪ್ಪರ್‌ಮೆಂಟಾ? ಆರ್ವಲ್ ಬಾಯಿಗೆ ಹಾಕ್ಕೊಂಡ್ಬಿಟ್ಟಾನು, ಹುಷಾರು.”

ಶೆಲ್ಬಿ ನಕ್ಕು ಡಬ್ಬಿ ಅಲುಗಿಸಿದಳು.

ಮಂಗಳವಾರ ಗಸ್ಸಿ ಕಾಡು ಚೆರಿಯ ಜೆಲ್ಲಿಗೆ ಇಟ್ಟಳು. ಹಣ್ಣು ಕಪ್ಪಾಗಿತ್ತು, ಇನ್ನು ಕಾದರೆ ಹಕ್ಕಿಗಳ ಪಾಲು. ದೊಡ್ಡ ಕೊಳಗ ಒಂದು ಒಲೆಯ ಮೇಲೆ, ಬಾಟಲಿಗಳು ಕುದಿಯುವ ಹಂಡೆ ಇನ್ನೊಂದರ ಮೇಲೆ. ಸೆಖೆಗೆ ಪಡಸಾಲೆಯ ಕಡೆಯ ಬಾಗಿಲು ತೆರೆದೇ ಇತ್ತು. ಆ ಬಾಗಿಲಿನಾಚೆ ಶೆಲ್ಬಿ ಗುರುವಾರದ ಗುಂಡಿಗೆ ಕೂತಿದ್ದಳು. ಡಬ್ಬಿಯ ಗಲಗಲ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಗಸ್ಸಿ ಸೌಟು ಹಿಡಿದುಕೊಂಡೇ ಇಣುಕಿದಳು. ತಟ್ಟೆಯಲ್ಲಿ ನಿಂತ ಗುಂಡುಗಳು ತೊನ್ನು ಬಂದವರಂತೆ ಕಂಡವು. ಒಂದು ಕಡೆ ಹಸಿರು, ಒಂದು ಕಡೆ ಬೋಳು ಸೀಸ. ಶೆಲ್ಬಿಯ ಮುಂಗೈ ಕೆಂಪಾಗಿತ್ತು.

ಗಸ್ಸಿಗೆ ಒಳಗೊಳಗೇ ತಂಪಾಯಿತು. ಪುಡಿ ಹಳೆಯದಿರಬೇಕೆಂದು ಹೇಳಿ, ಸೀಟಿ ಹಾಕಿಕೊಂಡು ಒಲೆಯ ಮುಂದೆ ಬಂದಳು. ಮೇಣಕ್ಕೂ ಕೊಬ್ಬಿಗೂ ಇಂಥ ಬಿನ್ನಾಣವಿಲ್ಲ. ಮಳೆಯಾಗಲಿ, ಹಿಮವಾಗಲಿ, ಹಾಕಿದ ಕಡೆ ಕೂತಿರುತ್ತವೆ. ಶನಿವಾರ ಯಾವ ಬಟ್ಟೆ ಹಾಕಬೇಕೆಂದು ಯೋಚಿಸುತ್ತ ಕೊಳಗ ಕದಡಿದಳು. ಕನ್ನಡಕ ಮಂಜಾಯಿತು. ಏಪ್ರನ್ನಿನ ಅಂಚಿನಿಂದ ಒರೆಸಿ ಹಾಕಿಕೊಂಡಳು, ಮತ್ತೆ ಮಂಜಾಯಿತು. ಕಿಟಕಿಯ ಗಾಜಿನ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಪಡಸಾಲೆಯ ಗಾಜಿನ ಮೇಲೂ.

ಆಕೆ ಸೌಟು ಕೆಳಗಿಟ್ಟಳು. ಬಾಚಣಿಗೆಯ ಮಾತು ನೆನಪಾಯಿತು. ಒಣ ಹವೆಯಲ್ಲೇ ಕೂದಲು ಎದ್ದು ಬರುವುದು. ತಲೆ ಒದ್ದೆಯಿದ್ದರೆ ಎಷ್ಟು ಬಾಚಿದರೂ ಬಾರದು.

ಹೋಗಿ ಬಾಗಿಲಲ್ಲಿ ನಿಂತಳು. ಹುಡುಗಿ ಬೋಳು ಗುಂಡುಗಳನ್ನು ಮತ್ತೆ ಕರಗಿಸಲೆಂದು ಒಂದೊಂದಾಗಿ ಆರಿಸಿ ಬದಿಗಿಡುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಕಂಡೇ ಗಸ್ಸಿಗೆ ಎಲ್ಲ ಹೊಳೆದದ್ದು.

“ಈ ಹಬೆಯಿಂದ್ಲೇ ಅಂತ ನಿಂಗೆ ಗೊತ್ತಿತ್ತಾ?”

ಶೆಲ್ಬಿ ತಲೆಯೆತ್ತಲಿಲ್ಲ. “ಗೊತ್ತಿತ್ತು.”

“ಬಾಯಿರಲಿಲ್ವಾ?”

“ಅಡುಗೆಮನೆ ನಿಮ್ದು ಗಸ್ಸಿ. ವರ್ಷಕ್ಕೊಂದ್ಸಲ ಮಾಡೋ ಜೆಲ್ಲಿ. ಒಲೆ ಆರಿಸಿ ಅಂತ ನಾನು ಹೇಗನ್ಲಿ?”

“ಹಾಗಿದ್ರೆ ಕೇಳು. ಗುರುವಾರ ಆರ್ವಲ್ ನನ್ನ ಗುಂಡೇ ಗೆದ್ದಿತು ಅಂತಾನೆ. ನಾನು ಎದೆಯುಬ್ಬಿಸ್ಕೊಂಡು ಕೂತಿರ್ತೀನಿ. ನೀನು ಒಳಗೊಳಗೇ, ಪಾಪ ಮುದುಕಿ, ಇರ್ಲಿ ಬಿಡು ಅಂದ್ಕೋತೀಯ.”

“ಹಾಗಂದ್ಕೊಳ್ತಿರ್ಲಿಲ್ಲ.”

“ಅಂದ್ಕೊಳ್ಬೇಕಾಗಿತ್ತು. ನಾನಾಗಿದ್ರೆ ಅಂದ್ಕೊಳ್ತಿದ್ದೆ.”

ಗಸ್ಸಿ ಎರಡೂ ಒಲೆ ಆರಿಸಿದಳು. ಜೆಲ್ಲಿ ಇನ್ನೂ ಹದಕ್ಕೆ ಬಂದಿರಲಿಲ್ಲ. ನಡುವೆ ನಿಲ್ಲಿಸಿದರೆ ಮುಂದೆ ಗಟ್ಟಿಯಾಗುವ ನಂಬಿಕೆಯಿಲ್ಲ. ಶೆಲ್ಬಿ ಬೇಡ ಬೇಡವೆಂದು ಓಡಿಬಂದಳು. ಗಸ್ಸಿ, ತನಗೆ ಯಾರೂ ಬಿಟ್ಟುಕೊಡುವುದು ಬೇಡ, ತನ್ನ ಗುಂಡು ಗೆಲ್ಲುವುದಾದರೆ ಗುಂಡಿನ ಮೇಲೆ ಗೆಲ್ಲಲಿ, ಚೆರಿಹಣ್ಣಿನ ಹಬೆಯ ಮೇಲಲ್ಲ ಎಂದು ಗದರಿಸಿ, ಕೊಳಗವನ್ನು ತಾನೇ ಹೊತ್ತು ಹಿತ್ತಲಿನ ಕಟ್ಟೆಯ ಮೇಲಿಟ್ಟಳು. ಮನೆಯ ಕಿಟಕಿಗಳನ್ನೆಲ್ಲ ತೆರೆದಳು. ಹಾಗೆ ಮಾಡುವಾಗ ತನ್ನ ಬಗ್ಗೆ ತನಗೇ ಬಹಳ ಒಳ್ಳೆಯ ಭಾವನೆ ಬಂತು, ಅದನ್ನು ಮುಚ್ಚಿಡಲೂ ಇಲ್ಲ.

ಬುಧವಾರ ಬೆಟ್ಟದ ಕಡೆಯಿಂದ ಒಣಗಾಳಿ ಬೀಸಿತು. ಪುಡಿ ಅಂಟಿತು. ಓವನ್ನಿನಿಂದ ಇಳಿದ ಗುಂಡುಗಳು ನೀರಿನೊಳಗಿನ ಕಲ್ಲುಗಳಂತೆ ಹೊಳೆದವು. ಗಸ್ಸಿ ಒಂದನ್ನೆತ್ತಿ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದಳು. ಸೂಜಿ ಮೊನೆಯಷ್ಟೂ ಬೋಳಿಲ್ಲ. ಕೇಳದೆ ಅದನ್ನು ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದಳು. ಸೀಸ ರೊಟ್ಟಿಯಾಯಿತು, ಬಣ್ಣ ಅದರ ಜೊತೆಗೇ ಹರಡಿತೇ ಹೊರತು ಒಂದು ಚಕ್ಕೆಯೂ ಏಳಲಿಲ್ಲ. ಸುತ್ತಿಗೆ ಕೆಳಗಿಟ್ಟಳು.

ಬಣ್ಣ ಹಾಕಿದ ಮೇಲೆ ಗುಂಡು ದಪ್ಪವಾಗುತ್ತದೆ. ಮತ್ತೆ ಬಳೆಯಲ್ಲಿ ಒತ್ತಬೇಕು. ಶೆಲ್ಬಿ ತನ್ನ ಬಳೆಯನ್ನು ಒತ್ತುವ ಯಂತ್ರಕ್ಕೆ ತಿರುಗಿಸಿ ಕೂರಿಸಿ, ಹಿಡಿಕೆ ಎಳೆದು ಒಂದೊಂದಾಗಿ ಒತ್ತತೊಡಗಿದಳು. ಅಂಗಡಿಯಿಂದ ತಂದ ಬಳೆ, ಪುಸ್ತಕದಲ್ಲಿ ಆರ್ವಲ್‌ನ ಬಗೆಯ ಬಂದೂಕಿಗೆ ಬರೆದ ಅಳತೆ. ಗಸ್ಸಿ ಹೊರಬಿದ್ದ ಗುಂಡನ್ನು ಬೆರಳುಗಳ ನಡುವೆ ಉರುಳಿಸಿದಳು. ಅದು ಸಣ್ಣದೆಂದು ತಿಳಿಯಲು ಮಾಪಕ ಹಿಡಿಯುವ ಅಗತ್ಯವೇ ಬೀಳಲಿಲ್ಲ.

ಪುಸ್ತಕಕ್ಕೆ ಆರ್ವಲ್‌ನ ಬಂದೂಕು ಗೊತ್ತಿಲ್ಲ. ಅದು ಅವನ ತಾತನದು, ನಳಿಗೆಯೊಳಗೆ ಸವೆದು ಹೊಟ್ಟೆ ಬಿಟ್ಟಿದೆ. ಬಹಳ ವರ್ಷಗಳ ಹಿಂದೆ, ಒರೆಸಿ ಕೊಡುತ್ತೇನೆಂದು ತಂದಿಟ್ಟುಕೊಂಡಾಗ ಗಸ್ಸಿ ಒಂದು ಮೆದು ಸೀಸದ ಉಂಡೆಯನ್ನು ನಳಿಗೆಯ ಉದ್ದಕ್ಕೂ ಬಡಿದು ಹೊರಗೆ ತೆಗೆದು ಅಳೆದಿದ್ದಳು. ಆಮೇಲೆ ಅಂಗಡಿಯ ಬಳೆಯೊಂದನ್ನು ತೆಗೆದುಕೊಂಡು, ಕಡ್ಡಿಗೆ ನುಣುಪು ಕಾಗದ ಸುತ್ತಿ, ಸಂಜೆ ಸಂಜೆ ಕೂತು ಅದರ ಒಳಮೈ ತೀಡಿ ತೀಡಿ ಕೂದಲೆಳೆಯಷ್ಟು ಅಗಲ ಮಾಡಿದ್ದಳು. ಉಳಿದ ಮೂವರ ನಳಿಗೆಗೆ ಆ ಅಳತೆ ತುಸು ಬಿಗಿಯಾದರೂ ನಡೆಯುತ್ತದೆ. ಪುಸ್ತಕದ ಅಳತೆಯ ಗುಂಡು ಮಾತ್ರ ಆರ್ವಲ್‌ನ ನಳಿಗೆಯಲ್ಲಿ ಅಪ್ಪನ ಬೂಟು ಹಾಕಿದ ಮಗುವಿನಂತೆ ಎಡವುತ್ತದೆ. ಗಂಡನಿಗೂ ಈ ವಿಷಯ ಹೇಳಿರಲಿಲ್ಲ. ಊರಿನವರು ಜಿಡ್ಡನ್ನು ಹೊಗಳಿದರು. ಹೊಗಳಲಿ ಎಂದು ಬಿಟ್ಟಳು. ಜಿಡ್ಡನ್ನು ಯಾರಾದರೂ ನೋಡಿ ಕಲಿಯಬಹುದು. ಬಳೆ ಬೇಕಿಂಗ್ ಪುಡಿಯ ಹಳೆಯ ಡಬ್ಬಿಯಲ್ಲಿತ್ತು, ಡಬ್ಬಿ ಆಕೆಯ ಹಾಸಿಗೆಯ ಪಕ್ಕದ ಖಾನೆಯಲ್ಲಿ.

ಈಗ ಸುಮ್ಮನಿದ್ದರಾಯಿತು. ನಿನ್ನೆಯದು ಹಬೆ, ಕಣ್ಣಿಗೆ ಕಾಣುವಂಥದ್ದು. ಇದು ಯಾರಿಗೂ ಎಂದೂ ತಿಳಿಯುವುದಲ್ಲ. ಶೆಲ್ಬಿಗೂ. ನಾಳೆ ಅವಳ ಗುಂಡು ಹಲಗೆಯ ತುಂಬ ಚೆಲ್ಲಾಡುತ್ತದೆ, ಬಣ್ಣದ ಮೇಲೆ ದೂರು ಬರುತ್ತದೆ, ಶನಿವಾರ ಗಸ್ಸಿಯೇ ಏಳುತ್ತಾಳೆ. ಒಂದು ಸುಳ್ಳನ್ನೂ ಆಡಬೇಕಿಲ್ಲ.

ಆಕೆ ಹೊರಗೆ ಹೋಗಿ ಜೇನುಗೂಡುಗಳ ಹತ್ತಿರ ನಿಂತು ಬಂದಳು. ಕೋಳಿಗಳಿಗೆ ಕಾಳು ಹಾಕಿದಳು, ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದಳು. ಒಳಗೆ ಹಿಡಿಕೆಯ ಕಿರುಗುಟ್ಟುವಿಕೆ ಒಂದೇ ಲಯದಲ್ಲಿ ನಡೆದಿತ್ತು. ಸುತ್ತಿಗೆಯೇಟಿಗೂ ಬಿಡದ ಬಣ್ಣ. ಅಷ್ಟು ಚೊಕ್ಕ ಕೆಲಸ ನಾಳೆ ಎಲ್ಲರೆದುರು ಕೆಟ್ಟ ಕೆಲಸವೆನಿಸಿಕೊಳ್ಳುತ್ತದೆ, ಅದಲ್ಲವೆಂದು ಬಲ್ಲವಳು ತಾನೊಬ್ಬಳೇ ಟೋಪಿಯೆತ್ತಿ ನಿಂತಿರುತ್ತಾಳೆ. ಗಸ್ಸಿ ತನ್ನನ್ನು ಹಾಗೆ ನಿಂತಂತೆ ಕಲ್ಪಿಸಿಕೊಂಡಳು. ಚೆನ್ನಾಗಿ ಕಾಣಲಿಲ್ಲ. ಗಸ್ಸಿ ನಾರ್ಡಾಲ್‌ಗೆ ಗೆಲುವು ಬೇಕು, ನಿಜ. ಆದರೆ ಇಷ್ಟು ಅಗ್ಗದ ಗೆಲುವು ಕೊಳ್ಳುವ ಹೆಂಗಸಲ್ಲ ಆಕೆ.

ಮಲಗುವ ಕೋಣೆಯಿಂದ ಡಬ್ಬಿ ತಂದು ಯಂತ್ರದ ಪಕ್ಕ ಕುಕ್ಕಿದಳು.

“ನಿನ್ನ ಬಳೆ ತೆಗಿ. ಇದನ್ನ ಹಾಕಿ ಉಳಿದವನ್ನ ಒತ್ತು. ಒತ್ತಿ ಆಗಿರೋದು ಕರಗಿಸೋಕೆ.”

ಶೆಲ್ಬಿ ಮುಚ್ಚಳ ತೆಗೆದು ನೋಡಿದಳು. ಮೇಲೆ ಕೊರೆದ ಅಂಕಿ ಓದಿ, ಇದು ಅದೇ ಅಳತೆಯಲ್ಲವೇ ಎಂದು ಕೇಳಿದಳು. ಗಸ್ಸಿ ಎಲ್ಲವನ್ನೂ ಹೇಳಿದಳು, ಉಂಡೆ ಬಡಿದದ್ದು, ಕಾಗದ ಸುತ್ತಿ ತೀಡಿದ್ದು, ಮುಚ್ಚಿಟ್ಟದ್ದು. ಹೇಳುತ್ತಿದ್ದಂತೆ ದನಿ ಏರುತ್ತಾ ಹೋಯಿತು, ಇಷ್ಟು ವರ್ಷ ಯಾರ ಮುಂದೆಯೂ ಕೊಚ್ಚಲಾಗದೆ ಉಳಿದಿದ್ದ ಜಂಬವೆಲ್ಲ ಒಮ್ಮೆಲೇ ಹೊರಬಂದಂತೆ. ಶೆಲ್ಬಿ ಬಳೆಯನ್ನು ಕಣ್ಣಿಗೆ ಹಿಡಿದು ಅದರ ಮೂಲಕ ಕಿಟಕಿಯ ಬೆಳಕು ನೋಡಿದಳು. ಬಹಳ ಹೊತ್ತು ನೋಡಿದಳು.

“ಎಲ್ಲೂ ಒಂದು ಗೀರಿಲ್ಲ,” ಅಂದಳು ಮೆಲ್ಲಗೆ. “ಇದನ್ನ ಕೈಯಲ್ಲೇ ಮಾಡಿದ್ರಾ?”

“ಮತ್ತೆ ಕಾಲಲ್ಲಿ ಮಾಡ್ತಾರಾ?” ಗಸ್ಸಿ ಅಂದಳು. ಆದರೆ ಆಕೆಯ ಕಿವಿಗಳು ಕೆಂಪಾಗಿದ್ದವು. ಆ ಕೆಲಸವನ್ನು ಕಂಡು ಅರ್ಥಮಾಡಿಕೊಂಡವರಲ್ಲಿ ಇವಳೇ ಮೊದಲಿಗಳು.

ಗುರುವಾರ ಊರಾಚೆಯ ಗುರಿಮೈದಾನದಲ್ಲಿ ಆರ್ವಲ್ ತೋಟಾಗಳ ಎರಡು ಡಬ್ಬಿ ಹಿಡಿದು ನೆರಳು ಹುಡುಕುತ್ತಿದ್ದ. ಗಸ್ಸಿ ಬಿಡಲಿಲ್ಲ. ಹೋದ ವರ್ಷ ಎಲ್ಲಿಟ್ಟಿದ್ದನೋ ಅಲ್ಲೇ ಇಡಬೇಕು, ಕಡುಬು ತಿನ್ನುವಷ್ಟು ಹೊತ್ತು ಎರಡೂ ಬೇಯಬೇಕು ಎಂದಳು. ಈ ವರ್ಷ ಕೊಬ್ಬು ಕಡಿಮೆ ಮಾಡಿ ಮೇಣ ಹೆಚ್ಚಿಸಿದ್ದಳು. ಅದು ತಡೆಯುತ್ತದೆಂಬ ನಂಬಿಕೆಯಿತ್ತು. ತಡೆಯಿತು ಕೂಡ. ಆಕೆಯ ಗುಂಡುಗಳು ಒಂದೂ ತಪ್ಪದೆ ತಟ್ಟೆಯಷ್ಟಗಲದಲ್ಲಿ ಕೂತವು. ಆರ್ವಲ್ ನಳಿಗೆ ಒರೆಸಿ ಬೆಳಕಿಗೆ ಹಿಡಿದ, ಕನ್ನಡಿ. ಆಮೇಲೆ ಹಸಿರು ಗುಂಡುಗಳನ್ನು ಹೊಡೆದ. ಅವು ಕಾಫಿ ಲೋಟದ ಬಾಯಿಯಷ್ಟಗಲದಲ್ಲಿ ಕೂತವು. ಮತ್ತೆ ಒರೆಸಿದ, ಮತ್ತೆ ಕನ್ನಡಿ.

ಎರಡು ಹಲಗೆಗಳನ್ನೂ ತಂದು ಟ್ರಕ್ಕಿನ ಹಿಂಬದಿಯಲ್ಲಿಟ್ಟು ಆರ್ವಲ್ ಗಂಟಲು ಸರಿಮಾಡಿಕೊಂಡ. ಎರಡೂ ಹೆಚ್ಚುಕಮ್ಮಿ ಒಂದೇ ಥರ ಇರುವ ಹಾಗಿದೆ ಎಂದ.

“ಕಣ್ಣು ಹೋಗಿದ್ರೆ ಕನ್ನಡಕ ಹಾಕ್ಕೋ,” ಗಸ್ಸಿ ಅಂದಳು. “ಅವಳದ್ದು ಒತ್ತಾಗಿ ಕೂತಿದೆ. ಶನಿವಾರಕ್ಕೆ ಅದೇ.”

ಮಾತು ಬಾಯಿಂದ ಬಿದ್ದ ಮೇಲೆ ಟ್ರಕ್ಕಿನ ಅಂಚು ಹಿಡಿದು ನಿಂತಳು. ಆಗ ಶೆಲ್ಬಿ, ಗಂಡಸರ ನಡುವೆ ಎಂದೂ ದನಿಯೆತ್ತದವಳು, ಮುಂದೆ ಬಂದಳು.

“ಬಣ್ಣ ಮಾತ್ರ ನಂದು. ಅಳತೆ ಗಸ್ಸೀದು. ನನ್ನ ಬಳೇಲಿ ಒತ್ತಿದ್ರೆ ಇದು ಹಲಗೆ ತುಂಬ ಚೆಲ್ಲಾಡ್ತಿತ್ತು. ನಿಮ್ಮ ನಳಿಗೆ ಒಳಗೆ ಸವೆದು ಅಗಲ ಆಗಿದೆ ಆರ್ವಲ್. ಅದಕ್ಕಂತಲೇ ಅವರು ಕೈಯಲ್ಲಿ ತೀಡಿ ಮಾಡಿದಾರೆ. ನೀವಿಷ್ಟು ವರ್ಷ ಹೊಡೆದಿದ್ದೆಲ್ಲ ಅದ್ರಿಂದ.”

ಆರ್ವಲ್ ತನ್ನ ಬಂದೂಕನ್ನು ನೋಡಿದ, ಗಸ್ಸಿಯನ್ನು ನೋಡಿದ. “ನಂಗ್ಯಾಕೆ ಹೇಳಿರ್ಲಿಲ್ಲ?”

“ಹೇಳಿದ್ರೆ ನೀನು ಹೊಸ ಬಂದೂಕು ತಗೊಂಡ್ಬಿಡ್ತಿದ್ದೆ. ಆಮೇಲೆ ನಾನ್ಯಾಕೆ?”

ಆರ್ವಲ್ ಬಹಳ ಹೊತ್ತು ನಕ್ಕ. ಕೊನೆಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಈ ಸಲ ನೆಲ ನೋಡಲಿಲ್ಲ.

ಶನಿವಾರ ಹೊಳೆಯಾಚೆಯವರು ಬಂದಿದ್ದರು, ಮೈದಾನದ ಹಿಂದೆ ಕುರ್ಚಿಗಳ ಸಾಲು ತುಂಬಿತ್ತು. ಶೆಲ್ಬಿ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ತಾನಲ್ಲಿ ಇಲ್ಲವೆಂಬಂತೆ ಕೂತಿದ್ದಳು. ಗಸ್ಸಿ ಇಸ್ತ್ರಿ ಹಾಕಿದ ನೀಲಿ ಅಂಗಿ ತೊಟ್ಟು, ಬೆನ್ನು ಕಡ್ಡಿಯಂತೆ ನೆಟ್ಟಗೆ ಮಾಡಿ ಕೂತಿದ್ದಳು. ಕೂಗುವವನು ಟೀಲ್ ಕ್ರೀಕ್ ಎಂದ. ನಾಲ್ವರ ಹೆಸರು ಹೇಳಿದ. ತುಸು ತಡೆದ.

ಆ ತಡೆಯುವಿಕೆಗೆ ಗಸ್ಸಿಯ ಮೊಣಕಾಲುಗಳು ತಾವಾಗಿ ಎದ್ದವು. ಇಷ್ಟು ವರ್ಷದ ರೂಢಿ. ಕಾಲಿಗೆ ಯಾರು ಹೇಳಬೇಕು. “ಗುಂಡು, ಶೆಲ್ಬಿ ನಾರ್ಡಾಲ್” ಎಂದು ಧ್ವನಿವರ್ಧಕ ಕೂಗುವ ಹೊತ್ತಿಗೆ ಆಕೆ ಪೂರ್ತಿ ನಿಂತಾಗಿತ್ತು, ಕೈ ಟೋಪಿಯ ಅಂಚಿನಲ್ಲಿತ್ತು. ರೂಕ್ಸ್‌ಬರಿಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಕೂರಬಹುದಿತ್ತು. ಗಸ್ಸಿ ಕೂರಲಿಲ್ಲ. ಬಗ್ಗಿ ಶೆಲ್ಬಿಯ ತೋಳು ಹಿಡಿದಳು.

“ಏಳು ಹುಡುಗಿ. ನಾನೊಬ್ಬಳೇ ನಿಂತ್ರೆ ಜನ ನಗ್ತಾರೆ.”

“ನಂಗೆ ಆಗಲ್ಲ ಗಸ್ಸಿ. ಎಲ್ರೂ ನೋಡ್ತಿದಾರೆ.”

“ನೋಡ್ಲಿ ಅಂತಲೇ ಕರ್ದಿರೋದು. ನಮ್ಮ ಮನೆ ಗುಂಡು ಅದು.”

ಶೆಲ್ಬಿ ಎದ್ದಳು. ಮುಖ ಬೀಟ್‌ರೂಟಿನಂತಾಗಿತ್ತು, ಟೋಪಿಯೂ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಕೈಯನ್ನು ಒಂದಿಷ್ಟು ಮೇಲೆತ್ತಿ ಇಳಿಸಿದಳು. ಗುರಿಕಾರರ ಸಾಲಿನಿಂದ ಆರ್ವಲ್ ಚಪ್ಪಾಳೆ ಶುರುಮಾಡಿದ. ಊರಿನವರು ಹಿಡಿದುಕೊಂಡರು. ಚಪ್ಪಾಳೆ ನಿಂತ ಮೇಲೆ ಶೆಲ್ಬಿ ಕುರ್ಚಿಗೆ ಕುಸಿದಳು. ಗಸ್ಸಿ ಮಾತ್ರ ಇನ್ನೂ ಒಂದು ಗಳಿಗೆ ನಿಂತೇ ಇದ್ದಳು. ಈ ಸಲ ಎಲ್ಲರ ಮುಖವನ್ನೂ, ಹೊಳೆಯಾಚೆಯವರದನ್ನಂತೂ ಒಂದೊಂದಾಗಿ, ಚೆನ್ನಾಗಿ ನೋಡಿಕೊಂಡು ಆಮೇಲೆ ಕೂತಳು.